ಹೊಡೆಯಲ್ಲ, ಬಾ

ತುಂಡುಗಳು ಬಟಾಣಿ ಕಾಳಿಗಿಂತ ದೊಡ್ಡವಾಗಿರಬಾರದು ಎಂದು ನಾಯಿ ಟೀಚರ್ ಹೇಳಿದ್ದಳು. ಬೇಯಿಸಿದ ಕೋಳಿ ಲಿವರನ್ನು ಹಲಗೆಯ ಮೇಲಿಟ್ಟುಕೊಂಡು ಫೋರ್‌ಮನ್ ಕೊಯ್ಯುತ್ತಿದ್ದ. ಮೂವತ್ತು ವರ್ಷ ಬಸ್ಸಿನ ಇಂಜಿನ್ನು ಬಿಚ್ಚಿ ಜೋಡಿಸಿದ ಕೈ. ನಟ್ಟು ಕೂದಲೆಳೆಯಷ್ಟು ಸಡಿಲವಾಗಿದ್ದರೂ ಬೆರಳಲ್ಲೇ ಹಿಡಿಯುತ್ತಿದ್ದ ಕೈ. ಈ ಮೆತ್ತನೆಯ ಪದಾರ್ಥದ ಮುಂದೆ ಸೋತು ಕೂತಿತ್ತು. ಒತ್ತಿದರೆ ಹಿಟ್ಟಾಗುತ್ತಿತ್ತು, ಒತ್ತದಿದ್ದರೆ ಚಾಕು ಜಾರುತ್ತಿತ್ತು. ಎಡಗೈಯ ತೋರುಬೆರಳಿಗೆ ಆಗಲೇ ಎರಡು ಸಲ ತಗುಲಿತ್ತು. ಬೇರೆ ದಿನವಾಗಿದ್ದರೆ ಚಾಕುವನ್ನು ಗೋಡೆಗೆ ಎಸೆದು, ಚಾಕು ಮಾಡಿದವನ ವಂಶವನ್ನೆಲ್ಲ ಎಳೆದು ಬೀದಿಗೆ ಹಾಕುತ್ತಿದ್ದ. ಇವತ್ತು ಉಸಿರು ಬಿಗಿಹಿಡಿದ. ಇವತ್ತು ಭಾನುವಾರ. ಹನ್ನೊಂದಕ್ಕೆ ಮಗಳು ಮೈದಾನಕ್ಕೆ ಬರುತ್ತಾಳೆ. ಅವಳ ಕಣ್ಣೆದುರಿಗೆ ಅವನು ಕರೆಯಬೇಕು, ನಾಯಿ ತಾನಾಗಿ ಅವನ ಹತ್ತಿರ ಬರಬೇಕು. ಬಂದರೆ ನಾಯಿ ಅವನ ಮನೆಯಲ್ಲೇ ಉಳಿಯುತ್ತದೆ. ಬರದಿದ್ದರೆ ಅವಳು ಕರೆದುಕೊಂಡು ಹೋಗುತ್ತಾಳೆ. ನಾಯಿಯೂ ಹೋದ ಮೇಲೆ ಭಾನುವಾರ ಭಾನುವಾರ ಅವಳು ಈ ಕಡೆ ತಲೆ ಹಾಕುವುದಕ್ಕೆ ಇನ್ನೇನು ಉಳಿದಿದೆ? ಅವನ ಮುಖ ನೋಡುವುದಕ್ಕಂತೂ ಅವಳು ಎರಡು ಬಸ್ಸು ಬದಲಾಯಿಸಿ ಬರುವುದಿಲ್ಲ. ಅದು ಅವನಿಗೆ ಗೊತ್ತಿತ್ತು.

ನಾಯಿ ಮಂಚದ ಕೆಳಗಿನಿಂದ ನೋಡುತ್ತಿತ್ತು. ನೋಡುತ್ತಿದೆ ಎಂದು ಅವನಿಗೆ ಬೆನ್ನಲ್ಲೇ ಗೊತ್ತಾಯಿತು; ತಿರುಗಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಅದಕ್ಕೆ ಅದು ಬೆದರಿಕೆ, ಎಂದು ಟೀಚರ್ ಹೇಳಿಕೊಟ್ಟಿದ್ದಳು. ಐವತ್ನಾಲ್ಕು ವರ್ಷ ಎದುರಿನವರ ಕಣ್ಣು ಕೆಳಗಾಗುವವರೆಗೂ ನೋಡಿ ಬದುಕಿದವನು ಈಗ ತನ್ನ ಮನೆಯಲ್ಲಿ ತಾನೇ ಕಳ್ಳನ ಹಾಗೆ ಓರೆಗಣ್ಣಲ್ಲಿ ಓಡಾಡುತ್ತಿದ್ದ. ನಾಯಿಗೆ ಆರು ವರ್ಷ. ಬೂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಚಿದ್ದು. ಮಗಳು ಕಾಲೇಜಿನಲ್ಲಿದ್ದಾಗ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಕೊಂಡು ತಂದಳು. ಅದಕ್ಕೇ ಡಬ್ಬಿ ಎಂದೇ ಹೆಸರಾಯಿತು. ಬಾಗಿಲ ಪಕ್ಕದ ಮೊಳೆಗೆ ಈಗ ಹತ್ತು ಮೀಟರಿನ ಹಗ್ಗ ನೇತುಹಾಕಿದ್ದ. ಮೊದಲು ಅಲ್ಲಿ ಬಸ್ಸಿನ ಫ್ಯಾನ್ ಬೆಲ್ಟಿನ ತುಂಡು ತೂಗುತ್ತಿತ್ತು, ಒಂದೂವರೆ ಮೊಳ. ಅದನ್ನು ಆರು ವಾರದ ಹಿಂದೆಯೇ ಡಿಪೋದ ಗುಜರಿ ರಾಶಿಗೆ ಹಾಕಿ ಬಂದಿದ್ದ. ಆದರೆ ಇಷ್ಟು ವರ್ಷ ತೂಗಿ ತೂಗಿ ಸುಣ್ಣದ ಗೋಡೆಯ ಮೇಲೆ ಅದು ಎಳೆದ ಕಪ್ಪು ಕಮಾನು ಹಾಗೇ ಇತ್ತು. ಎರಡು ಸಲ ಸುಣ್ಣ ಹೊಡೆದರೂ ಗ್ರೀಸಿನ ಕಲೆ ಮೇಲೆದ್ದು ಬಂತು. ನಾಯಿ ಇವತ್ತಿಗೂ ಆ ಬಾಗಿಲು ದಾಟುವಾಗ ಎದುರು ಗೋಡೆಗೆ ಮೈ ಉಜ್ಜಿಕೊಂಡು ದಾಟುತ್ತದೆ. ಮಗಳು ಕೂಡ ಹಾಗೇ ದಾಟುತ್ತಿದ್ದಳು ಎಂಬುದು ಅವನಿಗೆ ನೆನಪಾದದ್ದು ಮೊನ್ನೆ ಮೊನ್ನೆ. ಅವಳ ಭುಜ ಉಜ್ಜಿದ ಎತ್ತರದಲ್ಲಿ ಎದುರು ಗೋಡೆಯಲ್ಲಿ ಒಂದು ನುಣುಪು ಪಟ್ಟೆಯಿತ್ತು. ಅದರ ಕೆಳಗೆ, ಮೊಣಕಾಲಿನ ಎತ್ತರದಲ್ಲಿ, ನಾಯಿಯದು.

ಆರು ವಾರದ ಹಿಂದೆ ಇದೇ ಬಾಗಿಲಲ್ಲಿ ನಿಂತು ಅವಳು ಹೇಳಿದ್ದಳು. "ನಾಯಿ ಸಾಕೋಕೆ ಒಪ್ಪೋ ಮನೆ ಓನರ್ ಸಿಕ್ಕಿದಾರೆ. ಡಬ್ಬೀನ ಕರ್ಕೊಂಡು ಹೋಗ್ತೀನಿ." ಅವನು, ಯಾಕೆ, ಇಲ್ಲೇನು ಊಟಕ್ಕೆ ಕಡಿಮೆಯಾಗಿದೆಯಾ ಎಂದು ಗುಡುಗಿದ. ಗುಡುಗಬೇಕೆಂದು ಗುಡುಗಿದ್ದಲ್ಲ, ಇಂಜಿನ್ನುಗಳ ನಡುವೆ ನಿಂತು ಮಾತಾಡಿ ಮಾತಾಡಿ ಅವನಿಗೆ ಇದ್ದದ್ದೇ ಅದೊಂದು ದನಿ. ನಾಯಿ ಮಂಚದ ಕೆಳಗೆ ಸೇರಿತು. ಮಗಳು ಮಂಚದ ಕಡೆ ಕೈ ತೋರಿಸಿದಳು, ಅಷ್ಟೆ. ಆಮೇಲೆ ಅವನಿಗೇ ನಂಬಿಕೆಯಾಗದಂತೆ ಅವನ ಬಾಯಿಂದ ಬಂತು: "ಒಂದೂವರೆ ತಿಂಗಳು ಟೈಮ್ ಕೊಡು. ಕರೆದ್ರೆ ಬರೋ ಹಾಗೆ ಮಾಡ್ತೀನಿ. ಹೊಡೀದೆ." ಅವಳು, "ಆಯ್ತು. ನಿಮ್ಮಿಷ್ಟ" ಎಂದಳು. ನಿಮ್ಮಿಷ್ಟ. ಹುಟ್ಟಿದಾಗಿನಿಂದ ನೀನು ಎಂದೇ ಮಾತಾಡಿಸುತ್ತಿದ್ದ ಹುಡುಗಿ, ಮನೆ ಬಿಟ್ಟ ಮಾರನೆಯ ದಿನದಿಂದ ಬಹುವಚನಕ್ಕೆ ಹೋಗಿದ್ದಳು. ಡಿಪೋದಲ್ಲಿ ನಲವತ್ತು ಜನ ಅವನಿಗೆ ಬಹುವಚನ ಕೊಡುತ್ತಾರೆ. ಅದರಲ್ಲಿ ಮೂವತ್ತೊಂಬತ್ತು ಜನ ಬೆನ್ನ ಹಿಂದೆ ಅವನೇ, ಇವನೇ ಎನ್ನುತ್ತಾರೆಂದೂ ಅವನಿಗೆ ಗೊತ್ತಿತ್ತು. ಆ ಬಹುವಚನಕ್ಕೆ ಅವನು ಎಂದೂ ತಲೆ ಕೆಡಿಸಿಕೊಂಡವನಲ್ಲ.

ನಾಯಿ ಟೀಚರ್ ಎಂದರೆ ಐವತ್ತರ ಆಸುಪಾಸಿನ ಗಿಡ್ಡ ಹೆಂಗಸು. ಕ್ಯಾನ್ವಾಸ್ ಶೂ, ಸೊಂಟಕ್ಕೆ ಕಟ್ಟಿದ ಬಟ್ಟೆಯ ಚೀಲ, ಬಲಗಾಲು ಸ್ವಲ್ಪ ಕುಂಟು. ಡಿಪೋ ಹಿಂದಿನ ಫುಟ್‌ಬಾಲ್ ಮೈದಾನದ ಮೂಲೆಯಲ್ಲಿ ಬುಧವಾರ ಸಂಜೆ, ಭಾನುವಾರ ಬೆಳಿಗ್ಗೆ ನಾಯಿಗಳಿಗೆ ಪಾಠ. ಮೊದಲ ದಿನ ಅಲ್ಲಿದ್ದವೆಲ್ಲ ಮರಿಗಳೇ. ಬೂಟಿನ ಲೇಸು ಕಚ್ಚುವವು, ತಮ್ಮ ಬಾಲ ಕಂಡು ತಾವೇ ಬೆಚ್ಚುವವು. ಅವುಗಳ ನಡುವೆ ಆರು ವರ್ಷದ ನಾಯಿಯನ್ನು ಸರಪಣಿಯಲ್ಲಿ ಎಳೆದುಕೊಂಡು ಫೋರ್‌ಮನ್ ನಿಂತಾಗ, ಒಂದನೇ ಕ್ಲಾಸಿನ ಬೆಂಚಿನಲ್ಲಿ ಮೀಸೆ ಬಂದವನನ್ನು ಕೂರಿಸಿದಂತಿತ್ತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ಅವನೇ ಮೊದಲು ಹೇಳಿ, ಸೋಲಿಗೆ ಮುಂಗಡ ಕಾರಣ ಕೊಟ್ಟುಕೊಂಡ. "ಮರ ಬಗ್ಗಲ್ಲ, ನಾಯಿ ಬಗ್ಗುತ್ತೆ" ಎಂದಳು ಆಕೆ. "ಎಷ್ಟು ವಯಸ್ಸಾದ್ರೂ ಕಲಿಯುತ್ತೆ. ಸಾಕಿದೋರದ್ದೇ ಕಷ್ಟ. ಎಲ್ಲಿ, ಒಂದ್ಸಲ ಕರೀರಿ." ಅವನು ಎದೆ ಸೆಟೆಸಿ ನಿಂತು ಕರೆದ. "ಡಬ್ಬಿ, ಬಾ." ನಾಯಿ ನೆಲಕ್ಕೆ ಅಂಟಿಕೊಂಡಿತು. ಹೊಟ್ಟೆ ಮೇಲೆ ಮಾಡಿ, ಬಾಲ ತೊಡೆಸಂದಿಗೆ ಸೇರಿಸಿ, ಇದ್ದಲ್ಲೇ ಉಚ್ಚೆ ಹೊಯ್ದುಕೊಂಡಿತು. ಮರಿಗಳನ್ನು ಹಿಡಿದು ನಿಂತಿದ್ದವರೆಲ್ಲ ನೋಡಿದರು. ನೋಡಿ, ನೋಡಲಿಲ್ಲವೆಂಬಂತೆ ತಮ್ಮ ತಮ್ಮ ಮರಿಗಳ ಕಿವಿ ಸವರತೊಡಗಿದರು. ಅವರು ನಕ್ಕಿದ್ದರೆ ಅವನು ಬೈದು ಹಗುರಾಗುತ್ತಿದ್ದ. ಯಾರೂ ನಗಲಿಲ್ಲ.

"ಈ ಮಾತು ಹೇಳಿ ಕರೆದು, ಅದು ಬಂದ್ಮೇಲೆ ಹೊಡೆದಿದ್ದೀರಾ?" ಎಂದು ಆಕೆ ಕೇಳಿದಳು.

"ಒಂದೆರಡು ಸಲ. ತಪ್ಪು ಮಾಡ್ದಾಗ."

"ನಾಯಿ ಬೇರೆ ಲೆಕ್ಕ ಹೇಳ್ತಿದೆ" ಎಂದು ಆಕೆ, ಗದರಿಕೆಯೇ ಇಲ್ಲದ ದನಿಯಲ್ಲಿ, ಕಾಯಿಪಲ್ಲೆ ಕೊಳೆತಿದೆ ಎನ್ನುವ ಹಾಗೆ ಹೇಳಿದಳು. "ಆ ಮಾತು ಕೆಟ್ಟುಹೋಗಿದೆ ಸಾರ್. ಬಾ ಅಂದ್ರೆ ಏನು ಅಂತ ನಾಯಿಗೆ ಯಾರೂ ಬರೆದು ಕೊಟ್ಟಿರಲ್ಲ. ಬಂದಾಗ ಏನು ಸಿಕ್ತೋ ಅದೇ ಅದರ ಅರ್ಥ. ಅದನ್ನ ರಿಪೇರಿ ಮಾಡೋಕೆ ಹೋಗ್ಬೇಡಿ. ಎಸೆದುಬಿಡಿ. ಹೊಸ ಮಾತು ಹುಡುಕಿ, ಒಂದು ಸಲಾನೂ ಅದ್ರ ಮೇಲೆ ಏಟು ಬಿದ್ದಿರಬಾರ್ದು. ಅದನ್ನ ಹೇಳಿ ಕರೀರಿ, ಬಂದ ಕೂಡ್ಲೇ ಸರಿ ಅನ್ನಿ, ಒಂದು ತುಂಡು ಕೊಡಿ. ಕರೆದು, ಬಂದ್ಮೇಲೆ ಕೊಡದೇ ಇರೋ ಹಾಗಿಲ್ಲ. ಏನೇ ಆಗ್ಲಿ, ಬಂದೋರಿಗೆ ಕೊಡ್ಬೇಕು. ಅಷ್ಟೇ ಪಾಠ. ಉಳಿದದ್ದೆಲ್ಲ ತಾಳ್ಮೆ."

ಆ ವಾರವೆಲ್ಲ ಅವನು ಮಾತು ಹುಡುಕಿದ. ಬಸ್ಸಿನ ಕೆಳಗೆ ಮಲಗಿ, ಎಣ್ಣೆ ಮುಖಕ್ಕೆ ತೊಟ್ಟಿಕ್ಕುತ್ತಿರುವಾಗ, ಮನೆಯ ಒಂದೊಂದು ಮಾತನ್ನೂ ಬಿಚ್ಚಿ ನೋಡಿದ. ಡಬ್ಬಿ ಎಂಬ ಹೆಸರು ಕೆಟ್ಟಿತ್ತು. ಏಯ್ ಕೆಟ್ಟಿತ್ತು. ಇಲ್ನೋಡು, ಎಲ್ಲಿದ್ದೀಯೋ, ಬಂದೆಯಾ, ಎಲ್ಲದರಲ್ಲೂ ಎಲ್ಲೋ ಒಂದು ಏಟು ಅಡಗಿ ಕೂತಿತ್ತು. ಒಂದು ಮನೆಯಲ್ಲಿ ಇಪ್ಪತ್ತೈದು ವರ್ಷ ಸಂಸಾರ ಮಾಡಿದವನಿಗೆ ಬಳಸದೇ ಉಳಿದ ಒಂದು ಒಳ್ಳೆಯ ಮಾತು ಸಿಗುವುದಿಲ್ಲವೆಂದರೆ ಏನರ್ಥ? ಅವನಿಗೆ ಸಿಟ್ಟು ಬಂತು. ನಾಯಿಯ ಮೇಲೆ, ಆ ಕುಂಟು ಹೆಂಗಸಿನ ಮೇಲೆ. ನನ್ನಪ್ಪ ಬಾರುಕೋಲು ಹಿಡಿದೇ ಸಾಕಿದ, ದಂಡಂ ದಶಗುಣಂ ಎನ್ನುತ್ತಲೇ ಬಾರಿಸಿದ, ನಾನೇನು ಕೆಟ್ಟುಹೋದೆನಾ? ಆದರೆ ಅಪ್ಪ ಒಂದು ಮಾಡಿರಲಿಲ್ಲ. ಹೊಡೆಯುತ್ತೇನೆ ಬಾ ಎಂದೇ ಕರೆಯುತ್ತಿದ್ದ, ಹೊಡೆಯುತ್ತಿದ್ದ. ಹೊಡೆಯಲ್ಲ, ಬಾ ಎಂದು ಕರೆದು ಹೊಡೆಯುವುದು ಫೋರ್‌ಮನ್ ತಾನೇ ಕಂಡುಹಿಡಿದದ್ದು. ಓಡಿ ಹಿಡಿಯುವ ಕೆಲಸ ತಪ್ಪುತ್ತಿತ್ತು. ಎಂಟು ಗಂಟೆ ನಿಂತು ದುಡಿದು ಬಂದವನಿಗೆ ಮೊಣಕಾಲು ನೋಯುತ್ತಿದ್ದವು, ಅಷ್ಟೆ ಕಾರಣ. ಮಗಳಿಗೆ ಒಂಬತ್ತು ವರ್ಷ. ಸ್ಕೂಟರಿನ ಕೀ ಹಿಡಿದು ಆಡುತ್ತಾ ಚರಂಡಿಗೆ ಬೀಳಿಸಿ, ಇದೇ ಮಂಚದ ಕೆಳಗೆ ಸೇರಿಕೊಂಡಿದ್ದಳು. ಅವನು ಬಗ್ಗಿ, ದನಿಗೆ ಸಕ್ಕರೆ ಹಾಕಿ, ಹೊಡೆಯಲ್ಲ, ಬಾ ಎಂದ. ಅವಳು ಸ್ವಲ್ಪ ಹೊತ್ತು ಅವನ ಮುಖ ನೋಡಿ, ನಂಬಿ, ಹೊರಗೆ ಬಂದಳು. ಕೂದಲಿನಲ್ಲಿ ಮಂಚದ ಕೆಳಗಿನ ಧೂಳಿನ ಉಂಡೆಯೊಂದು ಸಿಕ್ಕಿಕೊಂಡಿತ್ತು. ನಾಲ್ಕನೆಯ ಏಟಿಗೋ ಐದನೆಯದಕ್ಕೋ ಅವಳು ಹೇಳಿದ್ದು ಅವನ ಕಿವಿಯಲ್ಲಿ ಈಗಲೂ ಇದೆ. ಅತ್ತುಕೊಂಡು ಹೇಳಿದ್ದಲ್ಲ. ಕೂಡಿಸಿದ ಲೆಕ್ಕ ತಪ್ಪಾಗಿದೆ ಎಂದು ಮೇಷ್ಟ್ರಿಗೆ ತೋರಿಸುವ ಹಾಗೆ, ನಿಧಾನವಾಗಿ, "ಹೊಡೆಯಲ್ಲ ಅಂದಿದ್ಯಲ್ಲಪ್ಪ" ಎಂದಳು. ಒಲೆಯ ಮುಂದಿದ್ದ ಹೆಂಡತಿ ತಿರುಗಲಿಲ್ಲ. ಸೌಟು ಮಾತ್ರ ಪಾತ್ರೆಯಲ್ಲಿ ಸುತ್ತುವುದನ್ನು ನಿಲ್ಲಿಸಿತು.

ಹೋದ ವರ್ಷ ಸಕ್ಕರೆ ಪರೀಕ್ಷೆ ಮಾಡಿಸಲು ಮಗಳು ಕೆಲಸ ಮಾಡುವ ಲ್ಯಾಬಿಗೇ ಹೋಗಿದ್ದ. ಅವಳಿಗೆ ಹೇಳದೆ ಹೋಗಿದ್ದ; ಹೇಳಿದ್ದರೆ ರಜೆ ಹಾಕುತ್ತಿದ್ದಳೋ ಏನೋ. ಪರದೆಯ ಈಚೆ ಬೆಂಚಿನ ಮೇಲೆ ಕೂತಿದ್ದಾಗ ಆಚೆಯಿಂದ ಒಂದು ಮಗು ಅಳುತ್ತಿತ್ತು, ಅದರ ತಾಯಿ ಏನೂ ಆಗಲ್ಲ ಕಂದ, ನೋಯಲ್ಲ ಎಂದು ರಮಿಸುತ್ತಿದ್ದಳು. ಆಗ ಅವನ ಮಗಳ ದನಿ ಕೇಳಿಸಿತು. "ಹಾಗೆ ಹೇಳ್ಬೇಡಿ ಅಮ್ಮ. ನೋವಾಗುತ್ತೆ ಪುಟ್ಟ. ಮೂರು ಎಣಿಸೋಷ್ಟು ಹೊತ್ತು. ನೀನೇ ಎಣಿಸು." ಮಗು ಎಣಿಸಿತು. ಫೋರ್‌ಮನ್ ತನ್ನ ಸರದಿ ಬರುವ ಮೊದಲೇ ಎದ್ದು ಬಂದುಬಿಟ್ಟ. ಸಕ್ಕರೆ ಎಷ್ಟಿದೆಯೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಮಾತು ಸಿಕ್ಕಿದ್ದು ಶನಿವಾರ, ಟೆಸ್ಟಿಗೆ ತೆಗೆದ ಬಸ್ಸಿನ ಹಾರ್ನ್ ಒತ್ತಿದಾಗ. ಪೋಂ ಪೋಂ. ಮಗಳಿಗೆ ಒಂದು ವರ್ಷ ತುಂಬಿದ ಹೊತ್ತು, ಅವನಿನ್ನೂ ಹೆಲ್ಪರ್, ಮೊಣಕಾಲು ಗಟ್ಟಿಯಿದ್ದವು. ಕೆಲಸ ಮುಗಿಸಿ ಗೇಟಿನಲ್ಲೇ ಕುಕ್ಕುರುಗಾಲಲ್ಲಿ ಕೂತು, ಮೂಗು ಹಿಡಿದುಕೊಂಡು ಪೋಂ ಪೋಂ ಎನ್ನುತ್ತಿದ್ದ. ಒಳಗಿನಿಂದ ಅವಳು ಗೋಡೆ ಹಿಡಿದು, ಆಮೇಲೆ ಗೋಡೆ ಬಿಟ್ಟು, ಬೀಳುತ್ತ ಏಳುತ್ತ ಬಂದು ಅವನ ಎಣ್ಣೆ ಅಂಗಿಗೆ ಮುಖ ಒತ್ತುತ್ತಿದ್ದಳು. ಹೆಂಡತಿ ಬಾಗಿಲಲ್ಲಿ ನಿಂತು, ಈಗ ತಾನೇ ಸ್ನಾನ ಮಾಡ್ಸಿದ್ದೆ, ಬಂತು ಗ್ಯಾರೇಜು ಎನ್ನುತ್ತಿದ್ದಳು. ಆ ಮಾತು ಯಾವಾಗ ನಿಂತಿತೋ ಗೊತ್ತಿಲ್ಲ. ಯಾವ ಸಂಜೆ ಅವನು ಗೇಟಿನಲ್ಲಿ ಕೂರದೆ ನೇರ ಒಳಗೆ ಹೋದನೋ ಗೊತ್ತಿಲ್ಲ. ಆದರೆ ಅದರ ಮೇಲೆ ಒಂದೂ ಏಟು ಬಿದ್ದಿರಲಿಲ್ಲ. ಬಸ್ಸಿನ ಸೀಟಿನಲ್ಲಿ ಕೂತೇ ಅವನು ತಿರುಗಿಸಿ ಮುರುಗಿಸಿ ನೋಡಿದ. ಇಲ್ಲ, ಒಂದೂ ಇಲ್ಲ.

ಮೊದಲು ಮನೆಯೊಳಗೆ, ಎರಡು ಹೆಜ್ಜೆ ದೂರದಿಂದ. ನೆಲದ ಮೇಲೆ ಕೂತು, ಪಕ್ಕಕ್ಕೆ ತಿರುಗಿ, ಅಂಗೈ ಮೇಲು ಮಾಡಿ ನೆಲಕ್ಕೆ ತಾಗಿಸಿ. ತಲೆಯ ಮೇಲಿಂದ ಕೈ ತರಬೇಡಿ. ಕೆಳಗಿನಿಂದ ತಂದು ಅದರ ಎದೆ ಮುಟ್ಟಿ, ಎಂದು ಟೀಚರ್ ಹೇಳಿದ್ದಳು. ಪೋಂ ಪೋಂ. ಮೂರು ದಿನ ನಾಯಿ ಮಂಚದ ಕೆಳಗಿಂದ ಅಲ್ಲಾಡಲಿಲ್ಲ. ತುಂಡನ್ನು ಅಲ್ಲಿಗೇ ಉರುಳಿಸಿ, ಸರಿ ಎಂದು ಎದ್ದು ಹೋಗುತ್ತಿದ್ದ. ಮೂವತ್ತು ವರ್ಷದಲ್ಲಿ ಯಾವ ಮೆಕ್ಯಾನಿಕ್ಕಿನ ಕೆಲಸಕ್ಕೂ ಸರಿ ಎಂದವನಲ್ಲ. ಸರಿ ಇದ್ದರೆ ಬಾಯಿ ಮುಚ್ಚಿಕೊಂಡು ಸಹಿ ಹಾಕುವುದು ಅವನ ಪದ್ಧತಿ. ನಾಲಿಗೆಗೆ ಆ ಎರಡಕ್ಷರ ಹೊಸ ಚಪ್ಪಲಿಯ ಹಾಗೆ ಕಚ್ಚಿತು. ನಾಲ್ಕನೆಯ ದಿನ ಮೂಗು ಹೊರಗೆ ಬಂತು. ಎರಡನೆಯ ವಾರ ಅಂಗೈಯಿಂದ ತಿಂದಿತು. ತಿಂದು, ತಾನು ಮಾಡಿದ್ದಕ್ಕೆ ತಾನೇ ಗಾಬರಿಯಾಗಿ ಓಡಿತು. ಮೂರನೆಯ ವಾರ ಮೈದಾನದಲ್ಲಿ ಹಗ್ಗ ಕಟ್ಟಿ. ಅಲ್ಲಿ ದಿನಾ ನಡೆಯಲು ಬರುವ ರಿಟೈರ್ಡ್ ಕಂಡಕ್ಟರೊಬ್ಬ, ಕೆಟ್ಟ ಬಸ್ಸಿನ ವಿಷಯಕ್ಕೆ ಫೋರ್‌ಮನ್ನಿಂದ ಸಾವಿರ ಸಲ ಬೈಸಿಕೊಂಡವನು, ನಿಂತು ನೋಡಿ, "ಏನ್ ಫೋರ್‌ಮನ್ನೋರೇ, ಬಸ್ಸೇ ಇಲ್ದೆ ಹಾರ್ನ್ ಹೊಡೀತಿದ್ದೀರಿ. ಬ್ರೇಕ್ ಫೇಲಾ?" ಎಂದ. ಫೋರ್‌ಮನ್ನಿನ ಕಿವಿ ಬಿಸಿಯಾಯಿತು. ಕೈ ತಾನಾಗಿ ಮುಷ್ಟಿಯಾಯಿತು. ನಾಯಿ ಆ ಮುಷ್ಟಿಯನ್ನು ನೋಡುತ್ತಿತ್ತು. ಅವನು ಒಂದೊಂದೇ ಬೆರಳು ಬಿಚ್ಚಿದ. "ಹೂಂ ಕಣಯ್ಯಾ, ಬ್ರೇಕೇ ಇರ್ಲಿಲ್ಲ. ಈಗ ಹಾಕಿಸ್ತಿದ್ದೀನಿ" ಎಂದ. ಕಂಡಕ್ಟರ್ ನಗುವುದನ್ನು ಮರೆತು ಎರಡು ಹೆಜ್ಜೆ ಹಿಂದಕ್ಕೆ ಹೋದ.

ಹತ್ತೂಮುಕ್ಕಾಲಿಗೆ ಲಿವರಿನ ಚೀಲವನ್ನು ಸೊಂಟಕ್ಕೆ ಕಟ್ಟಿಕೊಂಡು ಅವನು ನಾಯಿಯೊಂದಿಗೆ ಮೈದಾನಕ್ಕೆ ಬಂದ. ಪಾಠ ಮುಗಿದು ಮರಿಗಳು ಹೋಗಿದ್ದವು. ನಾಯಿ ಟೀಚರ್ ಮರದಡಿ ಹಗ್ಗ ಸುತ್ತುತ್ತಿದ್ದವಳು, "ಗಡಿಬಿಡಿ ಮಾಡ್ಕೋಬೇಡಿ. ನಿಮ್ಮ ಗಡಿಬಿಡಿ ಹಗ್ಗ ಇಲ್ದೇ ಇದ್ರೂ ಅದಕ್ಕೆ ತಲುಪುತ್ತೆ" ಎಂದಳು. ಮಗಳು ಸರಿಯಾಗಿ ಹನ್ನೊಂದಕ್ಕೆ ಬಂದಳು. ತುಂಬುತೋಳಿನ ಅಂಗಿ. ಈ ಸೆಕೆಯಲ್ಲೂ ತುಂಬುತೋಳು. ಹೆಗಲಿನ ಚೀಲದಿಂದ ಹೊಸ ಕೊರಳಪಟ್ಟಿಯ ಕೆಂಪು ತುದಿ ಇಣುಕುತ್ತಿತ್ತು. ಕರೆದುಕೊಂಡು ಹೋಗಲು ತಯಾರಾಗಿಯೇ ಬಂದಿದ್ದಳು. ನಾಯಿ ಅವಳನ್ನು ಕಂಡು ಹಗ್ಗವನ್ನೆಲ್ಲ ಎಳೆದುಕೊಂಡು ಓಡಿತು, ಮೈಯೆಲ್ಲ ಬಾಲವಾಗಿ. ಅವಳು ನೆಲಕ್ಕೆ ಕೂತು ಅದರ ಕಿವಿಯ ಹಿಂದೆ, ಪಕ್ಕೆಯ ಮೇಲೆ, ತೊಡೆಯ ಒಳಗೆ ಬೆರಳಾಡಿಸಿದಳು. ಪ್ರತಿ ಭಾನುವಾರ ಹೀಗೇ ಮಾಡುತ್ತಾಳೆ. ಎಷ್ಟು ಅಕ್ಕರೆ ಎಂದು ಅವನು ಪ್ರತಿ ಭಾನುವಾರ ಅಂದುಕೊಂಡಿದ್ದಾನೆ.

"ಶುರು ಮಾಡೋಣ್ವಾ?" ಎಂದಳು.

ನಾಯಿಯ ಹಗ್ಗ ಬಿಚ್ಚಿ ಅವಳು ಗೋಲ್ ಕಂಬದ ಹತ್ತಿರ ಹಿಡಿದು ನಿಂತಳು. ಅವನು ಅರವತ್ತು ಹೆಜ್ಜೆ ಎಣಿಸಿಕೊಂಡು ನಡೆದ. ನಲವತ್ತರ ಮೇಲೆ ಎಣಿಕೆ ತಪ್ಪಿತು. ತಿರುಗಿ, ಮೊಣಕಾಲು ಕಟಕಟ ಎನ್ನುತ್ತಿದ್ದರೂ ಕುಕ್ಕುರುಗಾಲಲ್ಲಿ ಕೂತು ಕರೆದ. ಪೋಂ ಪೋಂ. ನೆಟ್ಟಗಿನ ಕಿವಿ ಇತ್ತ ತಿರುಗಿತು, ಮಡಿಚಿದ ಕಿವಿಯೂ ಅರ್ಧ ಎದ್ದಿತು. ನಾಯಿ ಮಗಳ ಮುಖ ನೋಡಿತು. ಅವಳು ಕೈ ಬಿಟ್ಟಳು. ನಾಯಿ ಹೊರಟಿತು, ಮೊದಲು ನಡಿಗೆ, ಆಮೇಲೆ ಓಟ. ಬರುತ್ತಿದೆ, ನೋಡು, ಬರುತ್ತಿದೆ ಎಂದು ಮಗಳಿಗೆ ತೋರಿಸಲು ಕೈ ಎತ್ತಿಬಿಟ್ಟ. ಬಲಗೈ, ತಲೆಗಿಂತ ಮೇಲೆ. ಮೈದಾನದ ನಟ್ಟ ನಡುವೆ ನಾಯಿ ಏಟು ಬಿದ್ದ ಹಾಗೆ ನೆಲಕ್ಕೆ ಒತ್ತಿಕೊಂಡಿತು.

ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಇಳಿಸಿದರೆ ಅದೂ ಹೊಡೆದ ಹಾಗೇ ಕಾಣುತ್ತದೆ. ಚಪ್ಪಲಿಯ ದಿನವೂ ಕೈ ಹೀಗೇ ಮೇಲಿತ್ತು. ಎರಡು ವರ್ಷದ ಹಿಂದಿನ ಮಾತು, ಹೆಂಡತಿ ತೀರಿಕೊಂಡು ಎರಡು ತಿಂಗಳಾಗಿತ್ತು. ಅವಳ ಚಪ್ಪಲಿಯನ್ನು ಬಾಗಿಲಲ್ಲಿ ಹಾಗೇ ಬಿಟ್ಟಿದ್ದ, ತೆಗೆಯಲು ಮನಸ್ಸಾಗದೆ. ನಾಯಿ ಅದರ ಮೇಲೆ ಮುಖವಿಟ್ಟುಕೊಂಡು ಮಲಗುತ್ತಿತ್ತು. ಒಂದು ಸಂಜೆ ಬಂದು ನೋಡಿದರೆ ಎಡಗಾಲಿನದನ್ನು ಕಡಿದು ಚಿಂದಿ ಮಾಡಿತ್ತು. ಅವನು ಮೊಳೆಯಿಂದ ಬೆಲ್ಟು ತೆಗೆದು ಬೆನ್ನ ಹಿಂದೆ ಹಿಡಿದು, ಹೊಡೆಯಲ್ಲ, ಬಾ ಎಂದ. ನಾಯಿ ತೆವಳಿಕೊಂಡು ಬಂತು. ಎಷ್ಟು ಬಿತ್ತೋ ಲೆಕ್ಕವಿಲ್ಲ. ಮಗಳು ಎಲ್ಲಿಂದಲೋ ಬಂದು ನಾಯಿಯ ಮೇಲೆ ಬೋರಲಾಗಿ ಬಿದ್ದಳು. ಅವನಿಗೆ ಅವಳು ಕಂಡಿದ್ದಳು. ಅವಳು ಕಂಡ ಮೇಲೂ ಬೆಲ್ಟು ಒಂದು ಸಲ ಬಿತ್ತು. ಕೈ ತಡೆಯಲಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದಾನೆ. ತಡೆಯಬಹುದಿತ್ತು. ಮುಂದೋಳಿನ ಮೇಲೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಎದ್ದ ಬಾಸುಂಡೆ, ಅದರಲ್ಲಿ ಬೆಲ್ಟಿನ ಹಲ್ಲಿನ ಗುರುತು. ಅವಳು ಈ ಸಲ, ಹೊಡೆಯಲ್ಲ ಅಂದಿದ್ಯಲ್ಲಪ್ಪ, ಎನ್ನಲಿಲ್ಲ. ಇಪ್ಪತ್ನಾಲ್ಕು ವರ್ಷದ ಹುಡುಗಿ ಅದನ್ನು ಕೇಳುವುದಿಲ್ಲ; ಮನೆ ಬಿಟ್ಟು ಹೋಗುತ್ತಾಳೆ.

ಕೈಯನ್ನು ಅವನು ನಿಧಾನವಾಗಿ, ಜ್ಯಾಕಿನ ಮೇಲಿಂದ ಗಾಡಿ ಇಳಿಸುವಷ್ಟು ನಿಧಾನವಾಗಿ ಇಳಿಸಿದ. ಪಕ್ಕಕ್ಕೆ ತಿರುಗಿ ಮಣ್ಣಲ್ಲೇ ಕೂತ. ಕಣ್ಣು ನೆಲಕ್ಕೆ. ಅಂಗೈ ಮೇಲು ಮಾಡಿ ಹುಲ್ಲಿನ ಮೇಲಿಟ್ಟ. ಪಿಸುಮಾತಿನಷ್ಟು ದನಿಯಲ್ಲಿ ಕರೆದ. ಪೋಂ ಪೋಂ. ಒಂದು ಇರುವೆ ಅವನ ಹೆಬ್ಬೆರಳು ಹತ್ತಿ, ದಾಟಿ, ಇಳಿದು ಹೋಯಿತು. ಇನ್ನೊಂದು ಬಂತು. ಆಮೇಲೆ ಹುಲ್ಲಿನ ಮೇಲೆ ಹೊಟ್ಟೆ ಎಳೆಯುವ ಸದ್ದು, ನಿಂತು, ಮತ್ತೆ ಎಳೆದು, ಮತ್ತೆ ನಿಂತು. ಕೊನೆಗೆ ನಾಲ್ಕು ಕಾಲಿನ ಹೆಜ್ಜೆ. ಅಂಗೈಗೆ ಒದ್ದೆ ಮೂಗು ತಾಗಿತು. "ಸರಿ" ಎಂದ. ತುಂಡು ಕೊಟ್ಟ. ಮತ್ತೊಂದು ಕೊಟ್ಟ. ಕೆಳಗಿನಿಂದ ಕೈ ತಂದು ಎದೆ ಮುಟ್ಟಿದ. ಒಳಗೆ ಡಬಡಬ ಎನ್ನುತ್ತಿತ್ತು. ಯಾರದು, ನಾಯಿಯದೋ ತನ್ನ ಬೆರಳಿನದೋ, ಅವನಿಗೆ ಗೊತ್ತಾಗಲಿಲ್ಲ.

ಮಗಳು ಹತ್ತಿರ ಬಂದು ನಿಂತಿದ್ದಳು. "ಕೈ ಎತ್ತಿದ್ಮೇಲೂ ಬಂತು" ಎಂದಳು. ನಾಯಿಯ ಪಕ್ಕ ಕೂತು, "ಅದೇನದು, ಪೋಂ ಪೋಂ ಅಂತ? ಎಲ್ಲಿಂದ ಹಿಡಿದು ತಂದ್ರಿ?"

ಅವನು ಅವಳ ಮುಖ ನೋಡಿದ. ಅದರಲ್ಲಿ ಕುತೂಹಲ ಬಿಟ್ಟು ಏನೂ ಇರಲಿಲ್ಲ. ಅವಳಿಗೆ ನೆನಪಿರಲಿಲ್ಲ. ಒಂದು ವರ್ಷದ ಕೂಸಿಗೆ ಎಲ್ಲಿಯ ನೆನಪು? ಮಂಚದ ಕೆಳಗಿನದು ನೆನಪಿರುತ್ತದೆ, ಗೇಟಿನದು ಇರುವುದಿಲ್ಲ. "ಟೀಚರ್ ಹೇಳಿಕೊಟ್ರು" ಎಂದ.

ಮರದಡಿ ಹಗ್ಗ ಸುತ್ತುತ್ತಿದ್ದ ಹೆಂಗಸು ತಲೆ ಎತ್ತಿ ಅವನನ್ನು ನೋಡಿ, ಮತ್ತೆ ಸುತ್ತತೊಡಗಿದಳು.

"ಇಲ್ಲೇ ಇರ್ಲಿ ಬಿಡಿ. ಚೆನ್ನಾಗಿದೆ" ಎಂದಳು ಮಗಳು. ಅವನಿಗೆ ಕೂತಲ್ಲೇ ಬೆವರು ಬಿಟ್ಟಿತು, ಜ್ವರ ಇಳಿದವನ ಹಾಗೆ. ಏನಾದರೂ ಹೇಳಬೇಕೆನಿಸಿತು. "ಮುಂದಿನ ಭಾನುವಾರ ನೋಡು, ಕೂತ್ಕೊಳ್ಳೋದೂ ಕಲಿಸಿರ್ತೀನಿ. ಆ ಕಿವಿ ಇದ್ಯಲ್ಲ, ಮಡಿಚಿದ್ದು..."

"ಮುಂದಿನ ವಾರದಿಂದ ನನಗೆ ಭಾನುವಾರ ಡ್ಯೂಟಿ. ಇಷ್ಟು ದಿನ ಬೇರೆಯವರ ಜೊತೆ ಬದಲಾಯಿಸ್ಕೊಂಡು ಬರ್ತಿದ್ದೆ." ಅವಳು ನಾಯಿಯ ಪಕ್ಕೆಯ ಮೇಲೆ ಬೆರಳಾಡಿಸುತ್ತಲೇ ಹೇಳಿದಳು, ಕೂದಲನ್ನು ಅಲ್ಲಲ್ಲಿ ಬಿಡಿಸಿ, ಚರ್ಮ ಕಾಣುವ ಹಾಗೆ. "ಇನ್ನು ಪ್ರತಿ ವಾರ ಬಂದು ನೋಡ್ಬೇಕು ಅಂತಿಲ್ವಲ್ಲ. ನನಗೂ ನೆಮ್ಮದಿ ಆಯ್ತು."

ಆಗ ಅವನಿಗೆ ತಿಳಿಯಿತು. ಆ ಬೆರಳುಗಳು ಎರಡು ವರ್ಷದಿಂದ ನಾಯಿಯ ಮೈಯಲ್ಲಿ ಏನು ಹುಡುಕುತ್ತಿದ್ದವೆಂದು. ಅಕ್ಕರೆಯೂ ಇದ್ದಿರಬಹುದು, ಆದರೆ ಅವು ಲ್ಯಾಬಿನ ಬೆರಳು. ನರ ಹುಡುಕುವ ಬೆರಳು ಬಾಸುಂಡೆ ಹುಡುಕುತ್ತಿದ್ದವು. ಅವನು ಕೆಟ್ಟವನಾಗಿದ್ದಷ್ಟು ದಿನ ಅವಳು ಬಂದಳು. ತೀರ ಸರಳವಾದ ಯಂತ್ರ. ಮೂವತ್ತು ವರ್ಷದ ಮೆಕ್ಯಾನಿಕ್ಕಿಗೆ ಅದು ಹೇಗೆ ಓಡುತ್ತಿತ್ತೆಂದು ಬಿಚ್ಚಿಹಾಕಿದ ಮೇಲೆ ಗೊತ್ತಾಯಿತು.

"ಹಾಗಾದ್ರೆ ಯಾವಾಗ ಬರ್ತೀಯ?"

"ಫೋನ್ ಮಾಡ್ತೀನಿ."

ಅವಳು ಎದ್ದು ನಿಂತಳು. ಅವನೂ ಮೊಣಕಾಲು ಹಿಡಿದು ಎದ್ದ. ಅವಳ ಕೂದಲಿನಲ್ಲಿ, ಕಿವಿಯ ಮೇಲೆ, ಮೈದಾನದ ಹುಲ್ಲಿನ ಬೀಜವೊಂದು ಅಂಟಿಕೊಂಡಿತ್ತು. ಧೂಳಿನ ಉಂಡೆಯಷ್ಟೇ ಗಾತ್ರ. ತೆಗೆಯೋಣವೆಂದು ಕೈ ಚಾಚಿದ. ಅವಳ ಕಣ್ಣು ಮುಚ್ಚಿತು, ಭುಜ ಕಿವಿಯವರೆಗೆ ಏರಿತು. ಒಂದು ಕ್ಷಣ, ಅಷ್ಟೇ. ಕಣ್ಣು ಬಿಟ್ಟಾಗ ಇಬ್ಬರೂ ಅದನ್ನು ನೋಡಿಯಾಗಿತ್ತು. "ಹುಲ್ಲು" ಎಂದ ಅವನು. "ಹ್ಞಾಂ" ಎಂದು ಅವಳೇ ತೆಗೆದು ಹಾಕಿದಳು. ಡಬ್ಬಿಯ ಹಣೆಗೆ ಹಣೆ ತಾಗಿಸಿ, ಚೀಲದ ಕೆಂಪು ಕೊರಳಪಟ್ಟಿಯನ್ನು ತೆಗೆದು ಅವನ ಕೈಗೆ ಕೊಟ್ಟು, "ಇದು ಹಾಕಿ, ಹಳೇದು ಕುತ್ತಿಗೆ ಒತ್ತುತ್ತೆ" ಎಂದು ಹೇಳಿ ಗೇಟಿನ ಕಡೆ ನಡೆದಳು. ಹುಲ್ಲು ಮುಗಿದು ಜಲ್ಲಿಯ ದಾರಿ ಶುರುವಾಯಿತು. ಶೂ ಸದ್ದು ಕೇಳಿಸತೊಡಗಿತು.

ನಾಯಿ ಅವಳು ಹೋದ ದಿಕ್ಕಿಗೆ ಹತ್ತು ಹೆಜ್ಜೆ ಹೋಗಿ ನಿಂತು ನೋಡುತ್ತಿತ್ತು. ಕರೆಯಬೇಕು. ಬಾ ಎನ್ನಲು ಬಾಯಿ ತೆರೆದ. ಆ ಮಾತು ಕೆಟ್ಟಿತ್ತು. ಅವಳ ಹೆಸರು ಹಿಡಿದು ಕೂಗೋಣವೆಂದರೆ ಅದನ್ನೂ ಅವನು ಎಷ್ಟು ಸಲ ಹೇಗೆ ಕೂಗಿದ್ದನೋ. ಅವನು ಇದ್ದಲ್ಲೇ ಕುಕ್ಕುರುಗಾಲಲ್ಲಿ ಕೂತ. ಪಕ್ಕಕ್ಕೆ ತಿರುಗಿದ. ಅಂಗೈ ಮೇಲು ಮಾಡಿ ನೆಲಕ್ಕೆ ತಾಗಿಸಿ, ಕಲಿತಿದ್ದ ಹಾಗೆ ಕಣ್ಣನ್ನು ಮಣ್ಣಿನ ಮೇಲಿಟ್ಟು, ಗೇಟಿಗೆ ಕೇಳಿಸುವಷ್ಟು ದನಿಯಲ್ಲಿ ಕರೆದ. ಪೋಂ ಪೋಂ.

ಜಲ್ಲಿಯ ಮೇಲಿನ ಸದ್ದು ನಿಂತಿತು. ನಿಂತಿತು ಎಂದೇ ಅವನಿಗೆ ಅನ್ನಿಸಿತು. ತಿರುಗಿದಳೋ ಇಲ್ಲವೋ ನೋಡುವಂತಿರಲಿಲ್ಲ. ನೋಡಿದರೆ ಬೆದರುತ್ತಾರೆ. ಅವನು ಇರುವೆಗಳನ್ನು ನೋಡುತ್ತ ಕಾದ, ಆರು ವಾರದಲ್ಲಿ ಕಲಿತ ತಾಳ್ಮೆಯನ್ನೆಲ್ಲ ಒಂದು ಅಂಗೈಯಲ್ಲಿ ಹಿಡಿದು ಕಾದ. ಅಂಗೈಗೆ ಒದ್ದೆ ಮೂಗು ತಾಗಿತು. ಡಬ್ಬಿ ಬಂದು, ಹೇಳಿಕೊಡದಿದ್ದರೂ ಅವನ ಮುಂದೆ ನೆಟ್ಟಗೆ ಕೂತಿತ್ತು, ಒಂದು ಕಿವಿ ಎತ್ತಿ, ಒಂದು ಮಡಿಚಿ.

ಕರೆದದ್ದು ಯಾರನ್ನಾದರೂ ಆಗಲಿ, ಬಂದವರಿಗೆ ಕೊಡಬೇಕು. ಅವನು ಚೀಲಕ್ಕೆ ಕೈ ಹಾಕಿದ. "ಸರಿ" ಎಂದ. ದನಿ ಒಡೆಯಿತು, ನಾಯಿ ಹೆದರಲಿಲ್ಲ. ಜಲ್ಲಿಯ ಮೇಲೆ ಹೆಜ್ಜೆಯ ಸದ್ದು ಮತ್ತೆ ಶುರುವಾಯಿತು. ಅದು ಗೇಟು ದಾಟಿ ರಸ್ತೆಯ ಸದ್ದಿನಲ್ಲಿ ಸೇರಿಹೋಗುವವರೆಗೂ ಅವನು ತಲೆ ಎತ್ತಲಿಲ್ಲ. ಬಟಾಣಿ ಕಾಳಿನ ಗಾತ್ರದ ತುಂಡುಗಳನ್ನು ಒಂದಾದ ಮೇಲೊಂದು, ಚೀಲ ಬರಿದಾಗುವವರೆಗೆ, ಕೆಳಗಿನಿಂದ ಕೈ ತಂದು ಕೊಡುತ್ತಲೇ ಇದ್ದ.